ಕಾಂಕ್ರೀಟಿನಲ್ಲಿ ಹೂತುಹೋದ ನೆರಳು

ಯಾರ ಬೆಳಕಿಗೆ ನೆರಳೆಂಬುದೇ ಇಲ್ಲವೋ, ಯಾರು ಮೇಲಣ ನೀರನ್ನು ಕೆಳಗಣ ನೀರಿನಿಂದ ಬೇರ್ಪಡಿಸಿ ನಡುವೆ ಮನುಷ್ಯನಿಗೆ ಕಾಲೂರಲು ಇಷ್ಟು ಒಣನೆಲವನ್ನು ಕರುಣಿಸಿದನೋ, ಆ ಸೃಷ್ಟಿಕರ್ತನಿಗೆ ಮೊದಲ ವಂದನೆ. ಈ ದಡದಿಂದ ಆ ದಡಕ್ಕೆ ತಾನೇ ಸೇತುವೆಯಾಗಿ ಚಾಚಿಕೊಂಡಿರುವ ಅವನ ಕೃಪೆಗೆ ಮತ್ತೊಂದು ವಂದನೆ. ಹೇಳುವ ನಾಲಿಗೆ ಸುಳ್ಳಿನ ಕಡೆಗೆ ಜಾರದಿರಲಿ. ಜಾರಿದರೂ ಕೇಳುವವರು ನಗುವಷ್ಟೇ ಜಾರಲಿ.

ತಮ್ನಾ ನದಿಗೆ ಕಾಮೆನ್‌ದೋಲ್ ಊರಿನಲ್ಲಿ ಒಂದು ಸೇತುವೆ ಇತ್ತು, ಇನ್ನೊಂದು ಆಗಲಿತ್ತು.

ಇದ್ದದ್ದು ಕಲ್ಲಿನದು. ಬೆಕ್ಕು ಮೈಮುರಿಯುವಾಗ ಬೆನ್ನೆತ್ತುವಂತೆ ಒಂದೇ ಕಮಾನಿನಲ್ಲಿ ನದಿಯ ಮೇಲೆದ್ದು ಆಚೆ ಇಳಿಯುತ್ತಿತ್ತು. ಸುಲ್ತಾನರ ಕಾಲದಲ್ಲಿ ಅದನ್ನು ಕಟ್ಟುವಾಗ ಮೇಸ್ತ್ರಿಗಳು ಹಗಲು ಕಟ್ಟಿದ್ದನ್ನು ನದಿ ಇರುಳು ಕೆಡವುತ್ತಿತ್ತಂತೆ. ಕೊನೆಗೆ, ಮೇಸ್ತ್ರಿ ಗಂಡನಿಗೆ ಬುತ್ತಿ ತಂದ ಯಾನಾ ಎಂಬ ಹೆಣ್ಣಿನ ನೆರಳನ್ನು ಅವಳಿಗೆ ತಿಳಿಯದಂತೆ ದಾರದಿಂದ ಅಳೆದು, ಆ ದಾರವನ್ನು ಅಡಿಪಾಯದಲ್ಲಿಟ್ಟು ಕಲ್ಲು ಮುಚ್ಚಿದರಂತೆ. ಸೇತುವೆ ನಿಂತಿತು, ಯಾನಾ ನಿಲ್ಲಲಿಲ್ಲ. ಕಟ್ಟಡದೊಳಗೆ ನೆರಳು ಸೇರಿಹೋದವರು ನಲವತ್ತು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಆಮೇಲೆ ಆ ಕಟ್ಟಡಕ್ಕೇ ಕಾವಲು ಭೂತವಾಗಿ ಉಳಿಯುತ್ತಾರೆ ಎಂಬುದು ಆ ಕಣಿವೆಯ ಜನಕ್ಕೆ ತಾಯಹಾಲಿನೊಡನೆ ಬಂದ ತಿಳಿವಳಿಕೆ. ಇಂದಿಗೂ ಯಾರಾದರೂ ಮನೆಗೆ ತಳಪಾಯ ಹಾಕುತ್ತಿದ್ದರೆ ದಾರಿಹೋಕರು ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆಯೆಂದು ಓರೆಗಣ್ಣಿನಲ್ಲಿ ನೋಡಿ ಸುತ್ತಿಬಳಸಿ ನಡೆಯುತ್ತಾರೆ. ಏಕೆಂದು ಕೇಳಿದರೆ ಬೂಟಿಗೆ ಸಿಮೆಂಟು ಮೆತ್ತುತ್ತದೆ ಎನ್ನುತ್ತಾರೆ.

ಆಗಲಿದ್ದ ಸೇತುವೆ ಕಾಂಕ್ರೀಟಿನದು, ಯುರೋಪಿನ ಒಕ್ಕೂಟ ಕೊಟ್ಟ ಹಣದ್ದು. ಅದು ಹುಟ್ಟುವ ಮೊದಲೇ ಅದರ ನಾಮಫಲಕ ಹುಟ್ಟಿತ್ತು. ನೀಲಿ ಬಣ್ಣದ, ಚಿನ್ನದ ನಕ್ಷತ್ರಗಳ ಆ ಫಲಕದ ನೆರಳಿನಲ್ಲಿ ಕುರಿಮಂದೆಯೊಂದು ಮಧ್ಯಾಹ್ನ ಕಳೆಯಬಹುದಿತ್ತು. ಸೇತುವೆಯ ಜಾಗ ಮಾತ್ರ ಊರಿನಿಂದ ಬಹಳ ಕೆಳಗೆ, ಆಚೆ ದಡದಲ್ಲಿ ರಸ್ತೆಯೇ ಇಲ್ಲದ ಕಡೆ. ರಸ್ತೆ ಇರಲಿಲ್ಲವಾದರೂ ಮೇಯರನ ಭಾವಮೈದುನ ಗೆಂಚೊನ ಹೊಲವಿತ್ತು. ಅಲ್ಲಿ ಮುಂದೆ ಹೋಟೆಲು ಬರುವುದಿತ್ತು. ಸೇತುವೆ ಕಟ್ಟುವ ಗುತ್ತಿಗೆಯೂ ಗೆಂಚೊನದೇ. ಇತ್ತ ಆಚೆ ದಡದ ಮೇಲ್ಕೇರಿಯ ಜನ ಔಷಧಕ್ಕೂ ರೊಟ್ಟಿಗೂ ಹಳೆಯ ಕಲ್ಲುಸೇತುವೆಯನ್ನೇ ದಾಟಬೇಕು. ಅದರ ಒಂದು ಬದಿಯ ಕೈಪಿಡಿಗೋಡೆ ಹೊಳೆಗೆ ಬಿದ್ದು ಮೂರು ಚಳಿಗಾಲ ಕಳೆದಿದ್ದವು. ಮೇಯರ್ ಅಲ್ಲಿ ‘ಬೀಳದಂತೆ ನಡೆಯಿರಿ’ ಎಂಬ ಹಲಗೆ ಹಾಕಿಸಿದ್ದ.

ಮೇಯರನ ಹೆಸರು ತ್ರೆಂದಾಫಿಲ್ ಕರಬಾಶೆವ್. ಯೌವನದಲ್ಲಿ ಕೆಂಪು ಟೈ ಕಟ್ಟಿಕೊಂಡು, ಊರಿನ ವಾಚನಾಲಯದಲ್ಲಿ ದೇವರಿಲ್ಲವೆಂದೂ ಭೂತವಿಲ್ಲವೆಂದೂ ಉಪನ್ಯಾಸ ಕೊಟ್ಟವನು. ಕಾಲ ಬದಲಾದಾಗ ಟೈಯ ಬಣ್ಣ ನೀಲಿಯಾಯಿತು, ಮತ್ತೊಮ್ಮೆ ಬದಲಾದಾಗ ಹಸಿರಾಯಿತು. ಉಪನ್ಯಾಸ ಮಾತ್ರ ಹಳೆಯದೇ. ಈಸ್ಟರಿನ ರಾತ್ರಿ ಇಗರ್ಜಿಗೆ ಬಂದು, ಫೋಟೊ ತೆಗೆಯುವವರೆಗೂ ಮೇಣದಬತ್ತಿ ಹಿಡಿದು, ಆಮೇಲೆ ಆರಿಸಿ ಜೇಬಿಗಿಳಿಸುತ್ತಿದ್ದ. ಮುಂದಿನ ವಸಂತಕ್ಕೆ ಚುನಾವಣೆ. ಎದುರಾಳಿ ಹೆಂಡದಂಗಡಿಯ ಮೆತೋದಿ. ಹಾಗಾಗಿ ಹೊಸ ಸೇತುವೆಯ ಮೊದಲ ಕಂಬಕ್ಕೆ ಕಾಂಕ್ರೀಟು ಸುರಿಯುವ ದಿನ ತ್ರೆಂದಾಫಿಲ್ ಮೀಸೆಗೆ ಎಣ್ಣೆ ಹಚ್ಚಿ, ಹೊಸ ಸನಿಕೆ ಹಿಡಿದು, ಬೆಳಗಿನಲ್ಲೇ ಗುಂಡಿಯ ಅಂಚಿನಲ್ಲಿ ನಿಂತಿದ್ದ.

“ನಮ್ಮ ಪೂರ್ವಿಕರು ಸೇತುವೆ ನಿಲ್ಲೋದಕ್ಕೆ ನೆರಳು ಹೂಳ್ತಿದ್ರಂತೆ,” ಎಂದು ಭಾಷಣ ಮಾಡಿದ. “ನಾವು ಉಕ್ಕು ಹೂಳ್ತೀವಿ! ಯಾಕಂದ್ರೆ ನಾವು ಯುರೋಪಿನವರು!”

ಫೋಟೊ ತೆಗೆಯುವವನು ಕೈಬೀಸಿದ. “ಸಾರ್, ಇನ್ನೊಂಚೂರು ಮುಂದೆ ಬನ್ನಿ. ಲಾರಿ, ಬೋರ್ಡು, ನೀವು ಒಂದೇ ಫೋಟೋದಲ್ಲಿ ಬರ್ಬೇಕು. ಹಾಂ, ಇನ್ನೂ ಮುಂದೆ.”

ತ್ರೆಂದಾಫಿಲ್ ಮುಂದೆ ಬಂದ. ಸೆಪ್ಟೆಂಬರಿನ ಎಳೆಬಿಸಿಲು ಅವನ ಬೆನ್ನಿಗಿತ್ತು. ಅವನ ನೆರಳು ಅವನಿಗಿಂತಲೂ ಗಂಭೀರವಾಗಿ, ಸನಿಕೆಯ ಸಮೇತ, ನಿಧಾನವಾಗಿ ಗುಂಡಿಯೊಳಗೆ ಇಳಿದು ಕಬ್ಬಿಣದ ಸರಳುಗಳ ನಡುವೆ ಉದ್ದಕ್ಕೆ ಮಲಗಿತು. ಅದೇ ಗಳಿಗೆಯಲ್ಲಿ ಲಾರಿ ಬಾಯ್ತೆರೆದು ಗಳಗಳನೆ ಕಾಂಕ್ರೀಟು ಸುರಿಯಿತು.

ದಡದಲ್ಲಿ ಸ್ಕಾರ್ಫು ಕಟ್ಟಿದ ಹೆಂಗಸರ ಸಾಲಿನಿಂದ ಕೇರಾ ಅಜ್ಜಿಯ ದನಿ ಕೇಳಿಸಿತು.

“ಅಯ್ಯೋ, ಹೋದ್ನಲ್ಲಪ್ಪ ನಮ್ ಮೇಯರ್ರು!”

ಸಾಲಿಗೆ ಸಾಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಿತು. ಲಾರಿಯ ಚಾಲಕ ಟೊಪ್ಪಿಗೆ ತೆಗೆದ. ಮೆತೋದಿ, ಆ ಎದುರಾಳಿ ಮೆತೋದಿಯೇ, ಕರವಸ್ತ್ರದಿಂದ ಮೂಗೊರೆಸಿಕೊಂಡು, “ಎಷ್ಟೇ ಆಗ್ಲಿ, ಒಳ್ಳೇ ಮನುಷ್ಯ ಕಣ್ರಪ್ಪ,” ಎಂದ. ಒಬ್ಬ ರಾಜಕಾರಣಿಯನ್ನು ಇನ್ನೊಬ್ಬ ಹೊಗಳುವುದು ಯಾವಾಗ ಎಂಬುದನ್ನು ತ್ರೆಂದಾಫಿಲ್ ಚೆನ್ನಾಗಿ ಬಲ್ಲ. ಅವನು ಜೋರಾಗಿ ನಕ್ಕ. ನಗು ಸ್ವಲ್ಪ ಹೆಚ್ಚೇ ಜೋರಾಯಿತು. ಆಚೆ ದಡದ ಕಾಗೆಗಳು ಎದ್ದು ಹಾರಿದವು.

ಮನೆಯಲ್ಲಿ ಹೆಂಡತಿ ದೆಸ್ಪಾಳಿಗೆ ಆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು.

“ನಾನು ಅದನ್ನೆಲ್ಲ ನಂಬಲ್ಲ ಕಣೇ,” ಎಂದ ಬೂಟು ಬಿಚ್ಚುತ್ತಾ.

“ನಂಬ್ಬೇಡಿ. ಯಾರು ನಂಬಿ ಅಂದ್ರು? ಕಪ್ಪು ಕೋಟು ಇಸ್ತ್ರಿಗೆ ಕೊಡ್ಲಾ?”

“ಯಾಕೆ?”

“ಸುಮ್ನೆ ಕೇಳ್ದೆ. ನಿಮ್ಗೆ ಅದೇ ಚೆನ್ನಾಗಿ ಒಪ್ಪೋದು.”

ಆ ರಾತ್ರಿಯಿಂದ ತ್ರೆಂದಾಫಿಲ್‌ಗೆ ಎದೆಯ ಎಡಭಾಗದಲ್ಲಿ ಏನೋ ಗಟ್ಟಿಯಾಗುತ್ತಿರುವಂತೆ ಭಾಸವಾಗತೊಡಗಿತು. ಕಾಂಕ್ರೀಟು ಗಟ್ಟಿಯಾಗಲು ಎಷ್ಟು ದಿನ ಬೇಕೆಂದು ಅವನಿಗೆ ಗೊತ್ತಿದ್ದುದೇ ಅವನ ಕೇಡಾಯಿತು. ಬೀದಿಗೆ ಬಂದರೆ ಜನ ಎಂದಿಲ್ಲದ ಅಕ್ಕರೆಯಿಂದ ಮಾತನಾಡಿಸುತ್ತಿದ್ದರು. ಶವಪೆಟ್ಟಿಗೆಯನ್ನೂ ಮಾಡುವ ಬಡಗಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಕಣ್ಣಾಡಿಸಿ ನೋಡಿ, “ಭುಜ ಅಗಲ ನಿಮ್ದು, ಮೇಯರ್ರೇ,” ಎಂದು ನಿಟ್ಟುಸಿರುಬಿಟ್ಟ. ಆ ಊರುಗಳಲ್ಲಿ ಯಾರಾದರೂ ಸತ್ತರೆ ಭಾವಚಿತ್ರದ ಸಮೇತ ಮರಣಪತ್ರ ಅಚ್ಚುಹಾಕಿಸಿ ಬಾಗಿಲಿಗೆ, ಕಂಬಕ್ಕೆ, ಬಸ್ಸಿನ ತಂಗುದಾಣಕ್ಕೆ ಅಂಟಿಸುತ್ತಾರೆ. ಚುನಾವಣೆಯ ಭಿತ್ತಿಪತ್ರ ಅಂಟುವುದೂ ಆ ಜಾಗಗಳಲ್ಲೇ. ತನ್ನ ಹಳೆಯ ಭಿತ್ತಿಪತ್ರವೊಂದು ಅಂಚು ಹರಿದು ತನ್ನತ್ತ ನಗುತ್ತಿರುವುದನ್ನು ಕಂಡಾಗ, ಅದರ ಸುತ್ತ ಕಪ್ಪು ಗೆರೆಯೊಂದನ್ನು ಎಳೆದರೆ ಕೆಲಸ ಮುಗಿಯಿತಲ್ಲ ಎನಿಸಿ ಅವನು ಬೀದಿಯ ಆಚೆ ಬದಿಗೆ ದಾಟಿದ.

ಮೊದಲು ಅವನು ಹಿಡಿದದ್ದು ವಿಜ್ಞಾನದ ದಾರಿ. ಪಟ್ಟಣದಿಂದ ಬಂದಿದ್ದ ಇಂಜಿನಿಯರ್ ಲೂಬೆನ್‌ನನ್ನು ಪಕ್ಕಕ್ಕೆ ಕರೆದ.

“ಆ ಮೊದಲ್ನೇ ಕಂಬದ ಕಾಂಕ್ರೀಟು ಕೆಟ್ಟಿರ್ಬಹುದು ಅಂತ ನಂಗೆ ಅನುಮಾನ. ಒಡೆಸಿ, ತೆಗೆಸಿ, ಹೊಸದಾಗಿ ಹಾಕ್ಸೋಣ್ವಾ?”

ಲೂಬೆನ್‌ನ ಮುಖ ಅರಳಿತು. “ಏನ್ ಸಾರ್ ನೀವು! ನನ್ನ ನೌಕರೀಲಿ ಇಷ್ಟು ಗಟ್ಟಿ ಕಾಂಕ್ರೀಟು ನಾನು ನೋಡೇ ಇಲ್ಲ. ಪರೀಕ್ಷೆ ಮಾಡೋ ಯಂತ್ರವೇ ಮುರಿಯೋ ಹಾಗಿತ್ತು. ಪ್ರಳಯ ಬಂದ್ರೂ ಆ ಕಂಬದೊಳಗಿಂದ ಏನೂ ಆಚೆ ಬರಲ್ಲ.”

ತ್ರೆಂದಾಫಿಲ್ ನೆಟ್ಟಗೆ ಗೆಂಚೊನ ಮನೆಗೆ ಹೋದ. ಗೆಂಚೊ ದ್ರಾಕ್ಷಿ ಹಿಂಡುತ್ತಿದ್ದ.

“ಕಳ್ಳ ನನ್ಮಗನೇ! ಇಪ್ಪತ್ತು ವರ್ಷದಿಂದ ನೀನು ಕಟ್ಟಿದ್ದು ಯಾವುದಾದ್ರೂ ನಿಂತಿದೆಯೇನೋ? ಶಾಲೆ ಗೋಡೆ ಬಿರುಕು. ಚರಂಡಿ ಕುಸೀತು. ಬಸ್ ಸ್ಟಾಂಡಿನ ಬೆಂಚಲ್ಲಿ ಜನ ಕೂತ್ರೆ ಸಿಮೆಂಟು ಪುಡಿ ಪ್ಯಾಂಟಿಗೆ ಬರುತ್ತೆ. ಇದೊಂದಕ್ಕೆ ಸಿಮೆಂಟು ಪೂರ್ತಿ ಹಾಕು ಅಂತ ನಿಂಗೆ ಹೇಳ್ದೋರ್ಯಾರೋ?”

ಗೆಂಚೊ ಬೆಬ್ಬಳಿಸಿ ನೋಡಿದ. “ನೀವೇ ಅಲ್ವಾ ಭಾವ ಹೇಳಿದ್ದು? ಮೊದಲ್ನೇ ಕಂಬಾನ ಯುರೋಪಿನೋರು ಬಂದು ಕೊರೆದು ನೋಡ್ತಾರೆ, ಮರ್ಯಾದೆಯಾಗಿ ಹಾಕು ಅಂತ? ಎರಡನೇದ್ರಿಂದ ಶುರು ಮಾಡೋಣ ಅಂತಿದ್ದೆ.”

“ಜನ್ಮದಲ್ಲಿ ಒಂದೇ ಒಂದಿನ ಪ್ರಾಮಾಣಿಕ ಆದೆ ಕಣೋ! ಅದೂ ನನ್ನ ಕುತ್ತಿಗೆ ಮೇಲೆ!”

“ತಪ್ಪಾಯ್ತು ಭಾವ,” ಎಂದ ಗೆಂಚೊ, ನಿಜವಾದ ಪಶ್ಚಾತ್ತಾಪದಿಂದ. “ಇನ್ಮೇಲೆ ಹಾಗಾಗಲ್ಲ.”

ವಿಜ್ಞಾನ ಕೈಬಿಟ್ಟ ಮೇಲೆ ಉಳಿದದ್ದು ಕೇರಾ ಅಜ್ಜಿ. ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸುವ ನೆವದಲ್ಲಿ ಅವನು ಅವಳ ಅಂಗಳಕ್ಕೆ ಕಾಲಿಟ್ಟ. ಅಜ್ಜಿ ಕೆಂಪು ಮೆಣಸಿನಕಾಯಿಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಸೂಜಿದಾರವನ್ನು ಕಂಡೊಡನೆ ಅವನು ಬಿಸಿಲಿನಿಂದ ಸರಿದು ಹಂದರದ ಕೆಳಗೆ ನಿಂತ.

“ಬಾರಪ್ಪ, ಕೂತ್ಕೋ. ಎದೆ ಹಿಡ್ಕೊಳ್ತಾ ಇದ್ಯಾ?”

“ಇಲ್ಲವಲ್ಲ! ಅಂದ್ರೆ... ಸ್ವಲ್ಪ. ಅಜ್ಜಿ, ನಾನು ನಂಬಲ್ಲ. ಆದ್ರೂ ಸುಮ್ನೆ, ಜನಪದ ಸಂಸ್ಕೃತಿ ಅಂತ ಕೇಳ್ತೀನಿ. ಇಂಥದ್ದಕ್ಕೆ ಹಳೇ ಕಾಲದಲ್ಲಿ ಏನಾದ್ರೂ ಪರಿಹಾರ ಇತ್ತಾ?”

ಕೇರಾ ಅಜ್ಜಿ ಸೂಜಿಯನ್ನು ಮೆಣಸಿನಕಾಯಿಯೊಳಗೆ ನಿಲ್ಲಿಸಿ ಯೋಚಿಸಿದಳು. ಅವಳ ತಂಗಿ ಮೇಲ್ಕೇರಿಯಲ್ಲಿದ್ದಳು. ಕೈಪಿಡಿಗೋಡೆ ಬಿದ್ದಂದಿನಿಂದ ಹಿಮ ಬಿದ್ದ ತಿಂಗಳುಗಳಲ್ಲಿ ಅಕ್ಕತಂಗಿಯರು ಎರಡು ದಡಗಳಲ್ಲಿ ನಿಂತು ಒಬ್ಬರಿಗೊಬ್ಬರು ಕೂಗಿ ಮಾತನಾಡಬೇಕಾಗಿತ್ತು. ಮನೆಯ ಗುಟ್ಟುಗಳೆಲ್ಲ ಊರಿನ ಪಾಲಾಗಿದ್ದವು.

“ಇದೆ,” ಎಂದಳು. “ನಮ್ಮಜ್ಜಿ ಹೇಳ್ತಿದ್ಲು. ಹೊಸ ಸೇತುವೆ ನೆರಳು ಹಿಡ್ಕೊಂಡ್ರೆ ಹಳೇ ಸೇತುವೆ ಹತ್ರ ಹೋಗಿ ಬಿಡಿಸ್ಕೋಬೇಕು. ಯಾನಾ ಇದಾಳಲ್ಲ, ಅವಳು ಹಿರಿಯೋಳು. ಅವಳು ಒಂದ್ಮಾತು ಹೇಳಿದ್ರೆ ಹೊಸದು ಕೇಳುತ್ತೆ. ಆದ್ರೆ ನೀನು ಯಾವ ಬಾಯಲ್ಲಿ ಕೇಳ್ತೀಯ? ಅವಳ ಪಕ್ಕೆಲುಬು ಮುರ್ದು ಹೊಳೇಲಿ ಬಿದ್ದಿದೆ. ನೀನು ಅದರ ಪಕ್ಕ ಹಲಗೆ ಹೊಡ್ಸಿದೀಯ.”

ಕೇರಾಳ ಅಜ್ಜಿ ಇಂಥ ಮಾತನ್ನು ಬದುಕಿನಲ್ಲಿ ಎಂದೂ ಆಡಿರಲಿಲ್ಲ. ಆದರೆ ಮೊಮ್ಮಗಳ ಕಷ್ಟ ಕಂಡಿದ್ದರೆ ಆಡುತ್ತಿದ್ದಳು ಎಂಬುದರಲ್ಲಿ ಸಂದೇಹವಿಲ್ಲ.

ಮರುದಿನವೇ ಕಲ್ಲುಕುಟಿಗರು ಬಂದರು. ಹೊಳೆಗೆ ಬಿದ್ದಿದ್ದ ಕಲ್ಲುಗಳನ್ನು ಎತ್ತಿ, ಸುಣ್ಣದ ಗಾರೆಯಲ್ಲಿ ಕೂರಿಸಿ, ಕೈಪಿಡಿಗೋಡೆಯನ್ನು ಎಬ್ಬಿಸಿದರು. ಮೇಯರ್ ತಾನೇ ನಿಂತು ಮಾಡಿಸಿದ; ಗೆಂಚೊನನ್ನು ಹತ್ತಿರಕ್ಕೂ ಬಿಡಲಿಲ್ಲ. ಕೂರಿಸುವುದಕ್ಕಿಂತ ಮೊದಲು ಪ್ರತಿಯೊಂದು ಕಲ್ಲಿನ ಸುತ್ತ ನೋಡಿ ತನ್ನ ನೆರಳನ್ನು ದೂರ ಇಟ್ಟುಕೊಂಡ. ಎಲ್ಲ ಮುಗಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ, ಕಮಾನಿನ ನೆತ್ತಿಯಲ್ಲಿ ನಿಂತು, “ಯಾನಮ್ಮ, ಸ್ವಲ್ಪ ನೋಡ್ಕೊಳ್ಳಿ,” ಎಂದು ಕೈಮುಗಿದ. ದೇವರಿಲ್ಲವೆಂದು ಸಾರಿದ ಬಾಯಿ ಮೇಸ್ತ್ರಿಯೊಬ್ಬನ ಸತ್ತ ಹೆಂಡತಿಗೆ ಮೊರೆಯಿಟ್ಟಿತು.

ಈ ಸುದ್ದಿ ಊರಿನಲ್ಲಿ ಹಬ್ಬಲು ಒಂದು ಸಂಜೆ ಸಾಕಾಯಿತು. ಮರುದಿನದಿಂದ ಕಾಮೆನ್‌ದೋಲ್‌ನಲ್ಲಿ ಅಜ್ಜಿಯರ ನೆನಪುಗಳು ಬುಗ್ಗೆಯೊಡೆದವು. ಔಷಧಾಲಯದ ದಾದಿ ಸೆವ್ದಾ ಬಂದು, ರೋಗಿಗಳ ಚಳಿ ಬಿಡಿಸಿದವನ ನೆರಳಿಗೂ ಚಳಿ ಬಿಡುತ್ತದೆಂದು ತನ್ನಜ್ಜಿ ಹೇಳುತ್ತಿದ್ದುದನ್ನು ನೆನೆದಳು. ಔಷಧಾಲಯಕ್ಕೆ ಹೊಸ ಒಲೆ ಬಂತು. ಮೇಲ್ಕೇರಿಯ ಮುದುಕರು ಗುಂಪಾಗಿ ಬಂದು, ನೆಲದಲ್ಲಿ ಸಿಕ್ಕಿಕೊಂಡ ನೆರಳು ಚಕ್ರದ ಸದ್ದಿಗೆ ಸಡಿಲವಾಗುತ್ತದೆ ಎಂದರು; ಹಳೆಯ ಸೇತುವೆಯ ತನಕ ಗುರುವಾರದ ಸಂತೆಗೆ ಬಸ್ಸು ಓಡತೊಡಗಿತು. ಶಾಲೆಯ ಮೇಷ್ಟ್ರಿಗೆ ಅಜ್ಜಿಯ ಮಾತು ನೆನಪಾಗಲಿಲ್ಲ. ವಿದ್ಯಾವಂತನಾದ್ದರಿಂದ ಮುತ್ತಜ್ಜನ ಮಾತು ನೆನಪಾಯಿತು. ಶಾಲೆಯ ಗೋಡೆಯ ಬಿರುಕೂ ಮುಚ್ಚಿತು. ಮೂರು ಅವಧಿಗಳ ಆಶ್ವಾಸನೆಗಳಿಂದ ಆಗದೆ ಉಳಿದದ್ದು ಒಬ್ಬ ಮನುಷ್ಯನ ಎದೆಬಡಿತದಿಂದ ಆಗುತ್ತಿತ್ತು.

ಇದೆಲ್ಲದರಿಂದ ನೊಂದವರು ಊರಿನಲ್ಲಿ ಒಬ್ಬರೇ: ಪಾದ್ರಿ ಹರಿತೋನ್. ಮಠದಲ್ಲಿ ಹಳೆಯ ಭಾಷೆಯ ಗ್ರಂಥಗಳನ್ನು ಓದುತ್ತಲೇ ಮುದುಕರಾದವರು. ಸುಳ್ಳೆಂದರೆ ಅವರಿಗೆ ಹಲ್ಲುನೋವಿನಂತೆ. ಭಾನುವಾರದ ಆರಾಧನೆಯಲ್ಲಿ, ನೆರಳಿಗೆ ಪ್ರಾಣವಿಲ್ಲ, ಪ್ರಾಣ ಇರುವುದು ದೇವರ ಕೈಯಲ್ಲಿ, ಮನುಷ್ಯನ ಆಯುಸ್ಸನ್ನು ದಾರದಿಂದ ಅಳೆಯುವುದು ಪಾಪ ಎಂದು ಗಂಟೆಗಟ್ಟಲೆ ಬೋಧಿಸಿದರು. ಎಲ್ಲರೂ ಭಕ್ತಿಯಿಂದ ಕೇಳಿದರು. ಹೊರಬರುವಾಗ ಕೇರಾ ಅಜ್ಜಿ ಅವರ ಕೈಗೆ ಮುತ್ತಿಟ್ಟು ಪಿಸುಗುಟ್ಟಿದಳು:

“ಬಂಗಾರದಂಥ ಮಾತು ಪಾದ್ರಿ ಅಜ್ಜ. ಮೇಯರ್ರ ಕಿವಿಗೆ ಮಾತ್ರ ಹಾಕ್ಬೇಡಿ. ಬಸ್ಸು ಈಗಷ್ಟೇ ಶುರುವಾಗಿದೆ.”

ಮೇಯರ್ ತಾನಾಗಿಯೇ ಬಂದ. ಮಳೆ ಬಂದು ನಿಂತ ಬೆಳಗು. ಇಗರ್ಜಿಯ ಸೂರು ಸೋರಿ ತುಂಬಿದ್ದ ಬಕೆಟ್ಟುಗಳನ್ನು ಪಾದ್ರಿ ಹೊರಗೆ ತಂದು ಗುಲಾಬಿ ಗಿಡಗಳ ಬುಡಕ್ಕೆ ಸುರಿಯುತ್ತಿದ್ದರು.

“ಪಾದ್ರಿ ಅಜ್ಜ, ನೆರಳು ಬಿಡ್ಸೋ ಪ್ರಾರ್ಥನೆ ನಿಮ್ಮ ಪುಸ್ತಕದಲ್ಲಿ ಎಲ್ಲಾದ್ರೂ ಇದೆಯಾ?”

“ಇಲ್ಲ. ಬಾವಿಗೆ ಇಲಿ ಬಿದ್ರೆ ಹೇಳೋ ಪ್ರಾರ್ಥನೆ ಇದೆ. ಅದು ಬೇಕಾ?”

“ತಮಾಷೆ ಮಾಡ್ಬೇಡಿ. ನಾನು ಸಾಯ್ತಾ ಇದೀನಿ.”

“ಎಲ್ಲರೂ ಸಾಯ್ತಾ ಇದೀವಿ. ಅಲ್ವೋ ತ್ರೆಂದಾಫಿಲ್, ಬೆಳಕು ಮಾಡಿದವನನ್ನ ನೀನು ನಂಬಲ್ಲ. ಅದಕ್ಕೆ ನೀನು ಅಡ್ಡ ನಿಂತಾಗ ಬೀಳೋ ಕಪ್ಪನ್ನ ನಂಬ್ತೀಯಾ?” ಪಾದ್ರಿ ಬಕೆಟ್ಟನ್ನು ಕೆಳಗಿಟ್ಟು ಗೋಡೆಯತ್ತ ಬೆರಳು ತೋರಿದರು. “ನೋಡು, ನಿನ್ನ ನೆರಳು ನಿನ್ನ ಜೊತೇಲೇ ಬಂದು ನಿಂತಿದೆ. ಎಲ್ಲಿ ಹೂತಿದೆ?”

ತ್ರೆಂದಾಫಿಲ್ ಗೋಡೆಯನ್ನು ನೋಡಿದ. ಒಂದು ಕ್ಷಣ ಅವನ ಮುಖ ತಿಳಿಯಾಯಿತು. ಮತ್ತೆ ಮೋಡ ಕವಿಯಿತು.

“ಇದು ಇವತ್ತಿಂದು, ಪಾದ್ರಿ ಅಜ್ಜ. ಅವತ್ತಿಂದು ಅಲ್ಲೇ ಇದೆ.”

ಶಾಸ್ತ್ರಗಳನ್ನೆಲ್ಲ ಓದಿದ್ದ ಹರಿತೋನ್ ಆಕಾಶದತ್ತ ಕಣ್ಣೆತ್ತಿದರು. ಆ ನೋಟ ಸೂರಿನ ಕಡೆಗೆಂದು ಮೇಯರ್ ಅರ್ಥಮಾಡಿಕೊಂಡ.

“ಗೊತ್ತಾಯ್ತು. ಸೂರು ಮಾಡಿಸ್ಕೊಡ್ತೀನಿ. ತಾಮ್ರದ ತಗಡು ಹಾಕ್ಸೋಣ. ಆಗ ಪ್ರಾರ್ಥನೆ ಸಿಗುತ್ತಾ?”

ಹರಿತೋನ್ ಖಾಲಿ ಬಕೆಟ್ಟನ್ನೆತ್ತಿಕೊಂಡರು. ಇಗರ್ಜಿಗೆ ಅಂಟಿದ ಕೋಣೆಯಲ್ಲಿ ಮಲಗುತ್ತಿದ್ದ ಅವರ ಹಾಸಿಗೆಯ ಮೇಲೂ ಆ ಸೂರು ಸೋರುತ್ತಿತ್ತು. ಅವರ ಮೊಣಕಾಲುಗಳಿಗೆ ಅದು ಚೆನ್ನಾಗಿ ತಿಳಿದಿತ್ತು. “ಹೆದರಿಕೆಗೆ ಹೊದಿಸಿದ ಸೂರಿನ ಕೆಳಗೆ ನಾನು ಆರಾಧನೆ ಮಾಡಲ್ಲಪ್ಪ,” ಎಂದರು. “ಭಕ್ತಿಯಿಂದ ಹೊದಿಸೋ ದಿನ ಬಾ. ಅಲ್ಲೀವರೆಗೂ ಬಕೆಟ್ಟೇ ಸಾಕು.”

ಹೀಗೆ ನಲವತ್ತನೆಯ ದಿನ ಬಂದಿತು. ತ್ರೆಂದಾಫಿಲ್ ಕಪ್ಪು ಕೋಟು ಹಾಕಿಕೊಂಡು ಅಂಗಳದ ಕುರ್ಚಿಯಲ್ಲಿ, ದ್ರಾಕ್ಷಿಹಂದರದ ಗಾಢ ನೆರಳಿನಲ್ಲಿ ಕುಳಿತ. ಮರಣಪತ್ರವನ್ನು ತಾನೇ ಅಚ್ಚುಹಾಕಿಸಿ ತರಿಸಿದ್ದ; ಬೇರೆಯವರಿಗೆ ಬಿಟ್ಟರೆ ಯಾವ ಭಾವಚಿತ್ರ ಹಾಕುತ್ತಾರೋ ಎಂಬ ಭಯ. ಅದರಲ್ಲಿ ಅವನ ಸಾಧನೆಗಳ ವರ್ಣನೆ ಎಷ್ಟು ದೀರ್ಘವಾಗಿತ್ತೆಂದರೆ ಸತ್ತನೆಂಬ ಮಾತನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕಬೇಕಾಗಿತ್ತು. ಒಳಗಿನಿಂದ ಗೋಧಿ ಬೇಯುವ ವಾಸನೆ ಬಂತು. ಸತ್ತವರ ಹೆಸರಿನಲ್ಲಿ ಸಕ್ಕರೆ, ಅಕ್ರೋಟು ಬೆರೆಸಿ ಹಂಚುವ ಗೋಧಿ ಅದು.

“ದೆಸ್ಪಾ! ನಾನಿನ್ನೂ ಬದುಕಿದೀನಿ ಕಣೇ!”

“ಗೊತ್ತು. ಗೋಧಿ ಬೇಯೋಕೆ ಹೊತ್ತು ಹಿಡಿಯುತ್ತೆ. ಹೇಗಿದ್ರೂ ಜನ ಬರ್ತಾರೆ, ಕೈಗೆ ಏನಾದ್ರೂ ಕೊಡ್ಬೇಕಲ್ಲ?”

ಜನ ಬಂದರು. ಸೂರ್ಯ ಬೆಟ್ಟದ ಹಿಂದೆ ಇಳಿಯುವ ಹೊತ್ತಿಗೆ ಅಂಗಳದ ಬಾಗಿಲಲ್ಲಿ ಊರೇ ನೆರೆದಿತ್ತು, ಕೈಯಲ್ಲಿ ಸೇವಂತಿಗೆ ಹಿಡಿದು. ತ್ರೆಂದಾಫಿಲ್ ನಾಡಿ ಹಿಡಿದುಕೊಂಡು ಬೆಟ್ಟವನ್ನೇ ದಿಟ್ಟಿಸುತ್ತಿದ್ದ. ಬಿಸಿಲು ಆರಿತು. ಊರಿನ ನೆರಳುಗಳೆಲ್ಲ ಒಂದಾಗಿ ಕತ್ತಲೆಯಾದವು. ಅವನು ಒಮ್ಮೆ ಸೀನಿದ.

ಕೇರಾ ಅಜ್ಜಿ ಮುಂದೆ ಬಂದು ಅವನ ಕೆನ್ನೆ ಚಿವುಟಿ ನೋಡಿದಳು. ಬಳಿಕ ತನ್ನ ಹೂಗೊಂಚಲನ್ನು ಎಣಿಸಿ, ಒಂದು ಹೂವನ್ನು ಎಳೆದು ತನ್ನ ಸ್ಕಾರ್ಫಿಗೆ ಸಿಕ್ಕಿಸಿಕೊಂಡು, ಉಳಿದದ್ದನ್ನು ಅವನ ಕೈಗಿತ್ತಳು. ಸಮಸಂಖ್ಯೆಯ ಹೂ ಸತ್ತವರಿಗೆ, ಬೆಸಸಂಖ್ಯೆಯದು ಬದುಕಿದವರಿಗೆ. ಅವಳ ಹಿಂದೆ ಇಡೀ ಊರು ಒಂದೊಂದು ಹೂವನ್ನು ಕಿತ್ತುಕೊಂಡಿತು. ಎಲ್ಲರ ಮುಖದಲ್ಲೂ ಸಂತೋಷವಿತ್ತು. ಸಂತೋಷದ ಕೆಳಗೆ ಸಣ್ಣದೊಂದು ಚಿಂತೆಯೂ ಇತ್ತು.

ಆ ಚಿಂತೆ ನಿಜವೆಂದು ಮರುದಿನವೇ ತಿಳಿಯಿತು. ತ್ರೆಂದಾಫಿಲ್ ಹಸಿರು ಟೈ ಕಟ್ಟಿಕೊಂಡು, ತಾನು ವೈಜ್ಞಾನಿಕ ಪ್ರಯೋಗವೊಂದನ್ನು ಸ್ವಂತ ದೇಹದ ಮೇಲೆ ಮಾಡಿ ಮೂಢನಂಬಿಕೆಯನ್ನು ಸೋಲಿಸಿರುವುದಾಗಿ ವಾಚನಾಲಯದಲ್ಲಿ ಉಪನ್ಯಾಸವಿತ್ತ. ಗುರುವಾರದ ಬಸ್ಸನ್ನು ಡೀಸೆಲ್ ದಂಡವೆಂದು ನಿಲ್ಲಿಸಿದ. ಔಷಧಾಲಯದ ಒಲೆಯನ್ನು ತನ್ನ ಕಚೇರಿಗೆ ತರಿಸಿಕೊಳ್ಳಲು ಆಳು ಕಳಿಸಿದ. ಕಲ್ಲುಸೇತುವೆಯ ಕೈಪಿಡಿಯನ್ನು ಕಿತ್ತು ಹಾಕಲಾಗದೆ ಅದರ ಮೇಲೆ ತನ್ನ ಹೆಸರಿನ ಫಲಕ ಹೊಡೆಸಿದ. ಬರುವ ವರ್ಷ ಆ ಸೇತುವೆಯನ್ನೇ ಮುಚ್ಚಿ ಜನರನ್ನೆಲ್ಲ ಹೊಸ ಸೇತುವೆಗೆ ತಿರುಗಿಸುವ ಮಾತೂ ಹೊರಟಿತು. ಸೇತುವೆಗೆ ಜನ ಬೇಕಲ್ಲ, ಜನಕ್ಕೆ ಸೇತುವೆ ಬೇಕೋ ಬೇಡವೋ.

ಆದರೆ ಸಂತ ದಿಮಿತರನ ಹಬ್ಬ ಹತ್ತಿರವಿತ್ತು. ಆ ಹಬ್ಬ ಕಳೆದರೆ ಮೇಸ್ತ್ರಿಗಳು ಮನೆಗೆ ಹೋಗುತ್ತಾರೆ, ವಸಂತದವರೆಗೆ ಕರಣೆ ಮುಟ್ಟುವುದಿಲ್ಲ. ಅಷ್ಟರೊಳಗೆ ಎರಡನೆಯ ಕಂಬಕ್ಕೆ ಕಾಂಕ್ರೀಟು ಸುರಿಯಲೇಬೇಕು. ಮೇಯರ್ ಬಾರದಿದ್ದರೆ ಆ ಫೋಟೊದಲ್ಲಿ ತಾನು ನಿಲ್ಲುತ್ತೇನೆಂದು ಮೆತೋದಿ ಹೆಂಡದಂಗಡಿಯಲ್ಲಿ ಸಾರಿದ್ದ. ನೆರಳು ಗುಂಡಿಗೆ ಬೀಳದಂತೆ ನಿಲ್ಲಲು ತ್ರೆಂದಾಫಿಲ್ ಮೂರು ರೀತಿಯಲ್ಲಿ ಲೆಕ್ಕ ಹಾಕಿದ. ನಡುಹಗಲಿಗೆ ಇಡೋಣವೆಂದರೆ ಲಾರಿ ಬರುವುದು ಬೆಳಿಗ್ಗೆಯೇ. ಮೋಡವಿರುವ ದಿನ ನೋಡೋಣವೆಂದರೆ ಅಕ್ಟೋಬರಿನ ಆಕಾಶ ಗಾಜಿನಂತೆ ತೊಳೆದಿಟ್ಟಿತ್ತು. ಕಡೆಗೆ ಅವನಿಗೊಂದು ಉಪಾಯ ಹೊಳೆಯಿತು. ಅದು ಹೊಳೆದ ಖುಷಿಯಲ್ಲಿ ಮೀಸೆಗೆ ಎರಡು ಸಲ ಎಣ್ಣೆ ಹಚ್ಚಿಕೊಂಡ.

ಆ ಬೆಳಗು ಊರೆಲ್ಲ ದಡದಲ್ಲಿತ್ತು. ಮೊದಲ ಸಲಕ್ಕಿಂತ ಹೆಚ್ಚು ಜನ, ಹೆಚ್ಚು ನಿಶ್ಶಬ್ದ. ಮೇಯರ್ ಕಾರಿನಿಂದಿಳಿದು, ಒಂದು ಚೂರೂ ಮೋಡವಿಲ್ಲದ ಆಕಾಶದ ಕೆಳಗೆ, ದೊಡ್ಡದೊಂದು ಕಪ್ಪು ಕೊಡೆಯನ್ನು ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡು ನಡೆದುಬಂದ.

“ಮಳೆ ಬರುತ್ತಾ ಮೇಯರ್ರೇ?” ಎಂದು ಮೆತೋದಿ ಕೇಳಿದ.

“ಬಿಸಿಲು ಚರ್ಮಕ್ಕೆ ಒಳ್ಳೇದಲ್ಲ. ಯುರೋಪಿನಲ್ಲಿ ಎಲ್ರೂ ಹೀಗೇ ಹಿಡೀತಾರೆ.”

ಕೊಡೆಯ ಕೆಳಗೆ ನಿಂತವನಿಗೆ ನೆರಳೇ ಇ‌ರುವುದಿಲ್ಲವೆಂಬುದು ಅವನ ತರ್ಕ. ತರ್ಕ ನಡುಹಗಲಿಗೆ ಸರಿಯಾಗಿತ್ತು. ಆದರೆ ಬೆಳಗಿನ ಸೂರ್ಯ ಅಡ್ಡಡ್ಡಲಾಗಿ ನೋಡುತ್ತಾನೆ. ಲಾರಿ ಬಾಯ್ತೆರೆದ ಗಳಿಗೆಯಲ್ಲಿ ಗುಂಡಿಯೊಳಗೆ ಮೇಯರನ ಉದ್ದನೆಯ ದೇಹವೂ, ಅದರ ತುದಿಯಲ್ಲಿ ಬೃಹತ್ತಾದ ಅಣಬೆಯೊಂದರ ತಲೆಯೂ ಬಿದ್ದು, ಕಾಂಕ್ರೀಟು ಅದರ ಮೇಲೆಲ್ಲ ಸಮನಾಗಿ ಹರಡಿತು.

“ಅಯ್ಯಯ್ಯೋ!” ಎಂದಳು ಕೇರಾ ಅಜ್ಜಿ. “ಈ ಸಲ ಕೊಡೆ ಸಮೇತ ಹೋದ!”

ಕೊಡೆ ಮೇಯರನ ಕೈಯಿಂದ ಜಾರಿತು. ಅವನ ಮುಖ ಸುಣ್ಣದಂತಾಯಿತು. ದಡದ ಸಾಲಿನಲ್ಲಿ ಆಗಲೇ ದಾದಿ ಸೆವ್ದಾಳ ತುಟಿ ಅಲುಗುತ್ತಿತ್ತು; ಮೇಲ್ಕೇರಿಯ ಮುದುಕರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು; ಯಾರೋ, “ನಮ್ಮಜ್ಜಿ ಹೇಳ್ತಿದ್ಲು...” ಎಂದು ಆರಂಭಿಸಿಯೂಬಿಟ್ಟರು. ಆಗ ಜನರ ನಡುವಿನಿಂದ ಪಾದ್ರಿ ಹರಿತೋನ್ ಬಿರಬಿರನೆ ಬಂದರು. ಗಡ್ಡ ಗಾಳಿಗೆ ಹಾರುತ್ತಿತ್ತು. ನೇರವಾಗಿ ಗುಂಡಿಯ ಅಂಚಿಗೆ ಹೋಗಿ ಮೇಯರನ ಭುಜಕ್ಕೆ ಭುಜ ತಾಗಿಸಿ ನಿಂತರು. ಅವರ ನಿಲುವಂಗಿಯ ಅಗಲವಾದ ನೆರಳು ಅವನ ನೆರಳಿನ ಮೇಲೆಯೇ ಒರಗಿತು. ಲಾರಿ ಇನ್ನೂ ಸುರಿಯುತ್ತಿತ್ತು.

ಹೆಂಗಸರ ಸಾಲು ಮತ್ತೆ ಶಿಲುಬೆಯ ಗುರುತು ಮಾಡಿಕೊಂಡಿತು.

“ನೋಡ್ಕೊಳ್ಳಿ ಎಲ್ರೂ,” ಎಂದರು ಹರಿತೋನ್. “ನಂದೂ ಹಾಕಿದೀನಿ. ನಂಗೇನೂ ಹೆದರಿಕೆ ಇಲ್ಲ. ಕರೆಯೋನು ಕರೆದಾಗ ಹೋಗ್ತೀನಿ, ಕಾಂಕ್ರೀಟು ಕರೆದಾಗ ಅಲ್ಲ.”

ತ್ರೆಂದಾಫಿಲ್ ಗುಂಡಿಯನ್ನು ನೋಡಿದ, ಪಾದ್ರಿಯನ್ನು ನೋಡಿದ. ಸುಣ್ಣದಂತಿದ್ದ ಮುಖಕ್ಕೆ ಮೆಲ್ಲನೆ ರಕ್ತ ಬರತೊಡಗಿತು; ಕಣ್ಣಿನಲ್ಲಿ ಚುನಾವಣೆಯ ರಾತ್ರಿಯ ಹೊಳಪೊಂದು ಮೂಡಿತು.

“ಪಾದ್ರಿ ಅಜ್ಜ,” ಎಂದ ತಗ್ಗಿದ ದನಿಯಲ್ಲಿ, “ನಿಮ್ದು ನಂದರ ಮೇಲೆ ಬಿತ್ತಲ್ಲ? ಹಾಗಾದ್ರೆ ಹೋಗಿದ್ದು ಯಾರ್ದು? ನಿಮ್ದೇ ತಾನೆ? ನಂದು ಬಿಟ್ಟಿತು ತಾನೆ?”

ದಡದ ಮೇಲೆ ಕೇರಾ ಅಜ್ಜಿ ಎರಡೂ ಕೈಗಳಿಂದ ಕೆನ್ನೆ ಹಿಡಿದುಕೊಂಡಳು. ಅವಳ ಪಕ್ಕದಲ್ಲಿ, ಬಸ್ಸು ನಿಂತ ಮೇಲೆ ಮೇಲ್ಕೇರಿಯಿಂದ ಕೋಲೂರಿಕೊಂಡು ನಡೆದುಬಂದಿದ್ದ ಅವಳ ತಂಗಿ ಬಂಡೆಯ ಮೇಲೆ ಕುಸಿದು ಕುಳಿತು ಪಾದ ತಿಕ್ಕಿಕೊಳ್ಳುತ್ತಿದ್ದಳು. ಹರಿತೋನ್ ಅದನ್ನು ನೋಡಿದರು. ಬಿಟ್ಟಿತು ಎಂದರೆ ಮೂಢನಂಬಿಕೆಗೆ ಪಾದ್ರಿಯೇ ಸಾಕ್ಷಿ ಹೇಳಿದಂತೆ. ಬಿಟ್ಟಿಲ್ಲ ಎಂದರೂ ಅಷ್ಟೇ. ಏನೂ ಇಲ್ಲವೆಂದು ನಲವತ್ತು ದಿನ ಹೇಳಿಯೂ ಆಗಿತ್ತು. ಅದನ್ನು ಕೇಳಿದವರು ಯಾರೂ ಇರಲಿಲ್ಲ. ಆಯುಸ್ಸಿನುದ್ದಕ್ಕೂ ಸುಳ್ಳಾಡದ ಆ ಮುದುಕರು ಕೊನೆಗೆ ನಿಜವನ್ನೇ ಹೇಳಿದರು.

“ಯಾರ ಹೊತ್ತು ಯಾವಾಗ ಮುಗಿಯುತ್ತೋ ಆ ದೇವರೊಬ್ಬನಿಗೇ ಗೊತ್ತು, ತ್ರೆಂದಾಫಿಲ್. ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಾಗೋವರೆಗೂ ಬಸ್ಸು ಓಡ್ಲಿ.”

ಮೇಯರ್ ಎದೆಯ ಎಡಭಾಗವನ್ನು ಮುಟ್ಟಿ ನೋಡಿಕೊಂಡ.

“ಗುರುವಾರ ಮಾತ್ರ ಓಡಿದ್ರೆ ಸಾಕಾ?”

ಹರಿತೋನ್ ಬಾಗಿ, ನೆಲಕ್ಕೆ ಬಿದ್ದಿದ್ದ ಕೊಡೆಯನ್ನೆತ್ತಿ, ಮಡಿಸಿ ಅವನ ಕೈಗಿತ್ತರು.

“ನೆರಳು ದಿನಾ ಬೀಳುತ್ತಲ್ಲ, ಮಗಾ.”

ಈ ಕಥೆಯನ್ನು ಕೇಳಿದ ಎಲ್ಲರಿಗೂ ದಾಟಲು ಗಟ್ಟಿ ಸೇತುವೆಯೂ ಹಿಡಿಯಲು ಕೈಪಿಡಿಯೂ ಸಿಗಲಿ. ಅವರನ್ನಾಳುವವರಿಗೆ ದೇವರ ಭಯವಿರಲಿ, ಅದಿಲ್ಲದಿದ್ದರೆ ಬಿಸಿಲಿನ ಭಯವಾದರೂ ಇರಲಿ. ಅವರ ಸೂರು ಸೋರದಿರಲಿ. ಕೊನೆಯ ಹೊಳೆಯನ್ನು ದಾಟುವ ದಿನ ಬೆಳಕು ಅವರ ಎದುರಿಗಿದ್ದು, ನೆರಳೆಲ್ಲ ಬೆನ್ನ ಹಿಂದೆ ಉಳಿಯಲಿ.